ಬೆವರಿನ ಲೆಕ್ಕ

ಹೊರಗೆ ಮೈನಸ್ ಮೂವತ್ತೊಂದು. ಉಲಾನ್‌ಬಾತರದ ಕಲ್ಲಿದ್ದಲ ಹೊಗೆ
ನೆಲಮಾಳಿಗೆಯ ಮೆಟ್ಟಿಲಿಳಿದು ಬಂದು
ಗಿರಾಕಿಯ ಹಾಗೆ ಬಾಗಿಲಲ್ಲಿ ನಿಲ್ಲುತ್ತದೆ.
ಒಳಗೆ ಇಪ್ಪತ್ತಾರು ಕುರ್ಚಿ, ಇಪ್ಪತ್ತಾರು ಪರದೆ,
ಗಂಟೆಗೆ ಇಷ್ಟು ತುಗ್ರಿಕ್ ಎಂದು ಬರೆದ ರಟ್ಟು.
ಮೇಜಿನ ಮೇಲೆ ಇವತ್ತು ಎರಡು ಡಬ್ಬಿ:
ಒಂದು ಕೆಂಪು, ಒಂದು ನೀಲಿ.

"ಯಾವುದು?" ಅಂತಾಳೆ ಒದ್ಗೆರೆಲ್.
ಅಂಗಡಿ ಅವಳದು, ಸಾಲ ಅವಳದು,
ಸ್ಕ್ರೂಡ್ರೈವರ್ ಮಾತ್ರ ನನ್ನದು.
"ಇಪ್ಪತ್ತಾರು ಸಲ ತಪ್ಪು ಮಾಡುವಷ್ಟು ದುಡ್ಡಿಲ್ಲ ನನ್ನ ಹತ್ತಿರ."

ಎರಡೂ ಬಿಸ್ಕತ್ತಿನಷ್ಟೇ ಅಗಲ.
ಕೆಂಪಿಗೆ ಎಂಟು ಕೋರು, ಜೊತೆಗೊಂದು ಅಟ್ಟ:
ಬೇಕಾದ್ದನ್ನೆಲ್ಲ ಕೈಗೆಟುಕುವಂತೆ ಪೇರಿಸಿಟ್ಟ ಕ್ಯಾಶ್,
ಮಾತುಮಾತಿಗೆ ಮೆಮೊರಿಯ ಬಾಗಿಲಿಗೆ ಅಲೆಯುವ ಕಷ್ಟವಿಲ್ಲ.
ನೀಲಿಗೆ ಇಪ್ಪತ್ತು. ಅದರಲ್ಲಿ ಎಂಟು ಜಟ್ಟಿಗಳು,
ಉಳಿದ ಹನ್ನೆರಡು ಮನೆಯಾಳುಗಳು, ಸದ್ದಿಲ್ಲದೆ
ಕಸ ಗುಡಿಸಿ, ನೀರು ಹೊತ್ತು, ಅಪ್‌ಡೇಟು ಇಳಿಸಿಕೊಳ್ಳುವವರು.

ಮೆಮೊರಿ ಒಂದೇ, ಗ್ರಾಫಿಕ್ಸ್ ಕಾರ್ಡು ಒಂದೇ,
ಇದರಿಂದ ಕಿತ್ತು ಅದಕ್ಕೆ, ಅದರಿಂದ ಕಿತ್ತು ಇದಕ್ಕೆ.
ಪೇಸ್ಟು ಸಾಸಿವೆಗಿಂತ ದೊಡ್ಡದು, ಬಟಾಣಿಗಿಂತ ಸಣ್ಣದು.
ನೀಲಿಯ ಸಾಕೆಟ್ಟಿನ ಒಂದು ಪಿನ್ನು
ನನ್ನ ಉಸಿರು ತಗುಲಿಯೇ ಬಾಗಿತೇನೋ.
ಹೊಲಿಗೆ ಸೂಜಿಯಿಂದ ನೆಟ್ಟಗೆ ಮಾಡಿದೆ.
ಅವಳಿಗೆ ಹೇಳಲಿಲ್ಲ. ಈಗಲೂ ಹೇಳಿಲ್ಲ.

ಆಡಲು ಕೂತವಳು ನೊಮುಂದಾರಿ, ಹದಿನೇಳು ವರ್ಷ,
ಬೆರಳಿಗೂ ಕಣ್ಣಿರುವವಳು.
ಕೆಂಪಿನಲ್ಲಿ ಸೆಕೆಂಡಿಗೆ ಇನ್ನೂರ ಹನ್ನೆರಡು ಫ್ರೇಮು,
ನೀಲಿಯಲ್ಲಿ ನೂರ ಎಂಬತ್ತೆಂಟು.
ವಹಿಯಲ್ಲಿ ಬರೆದು, ಕೆಳಗೊಂದು ಗೆರೆ ಎಳೆದು,
ಕುಸ್ತಿ ಗೆದ್ದವನ ಹಾಗೆ ತಲೆಯೆತ್ತಿದೆ.
ಒದ್ಗೆರೆಲ್ ಪರದೆಯ ಬೆನ್ನಿನ ಚೀಟಿ ಓದಿದಳು:
"ಇದು ತೋರಿಸೋದೇ ನೂರ ನಲವತ್ತನಾಲ್ಕು.
ಮಿಕ್ಕ ಫ್ರೇಮನ್ನ ಯಾರ ಎಲೆಗೆ ಬಡಿಸ್ತೀಯ?"

ನನ್ನ ಗೆರೆ ನನ್ನನ್ನೇ ನೋಡಿ ನಕ್ಕಿತು.

ಹುಡುಗಿ ಹೆಡ್‌ಫೋನು ಕತ್ತಿಗೆ ಇಳಿಸಿದಳು.
"ಸರಾಸರಿ ಬಿಡಿ. ಹೊಗೆ ಬಾಂಬು ಸಿಡಿದು
ಹತ್ತು ಜನ ಒಂದೇ ಬಾಗಿಲಿಗೆ ನುಗ್ತಾರಲ್ಲ,
ಆಗ ನೀಲಿ ಒಂದು ಸಲ ಉಗುಳು ನುಂಗುತ್ತೆ.
ಅಷ್ಟರಲ್ಲಿ ನಾನು ಸತ್ತಿರ್ತೀನಿ."

ಶನಿವಾರದ ಮುದುಕ ಚೋಯ್‌ಜಿಲ್ಸುರೆನ್
ಒಂಬತ್ತನೇ ಕುರ್ಚಿಯ ಖಾಯಂ ಒಡೆಯ, ಆಟ ಆಡುವವನಲ್ಲ.
ಪಿಂಚಣಿ ಅರ್ಜಿ, ಹುಲ್ಲಿನ ರೇಟು, ಮುಚ್ಚಲು ಮರೆತ ನಲವತ್ತು ಕಿಟಕಿ,
ಜೊತೆಗೆ ಬೇಸಿಗೆಯ ಓಟದಲ್ಲಿ ತನ್ನ ಕಂದು ಕುದುರೆ
ಹದಿನಾಲ್ಕನೆಯದಾಗಿ ಬಂದ ವಿಡಿಯೋ, ಕತ್ತರಿಸಿ ಜೋಡಿಸಬೇಕು.
ಅವನ ಕೆಲಸ ನೀಲಿಯಲ್ಲಿ ನಾಲ್ಕು ನಿಮಿಷಕ್ಕೆ ಮುಗಿಯಿತು.
ಕೆಂಪಿನಲ್ಲಿ ಏಳು: ಅಷ್ಟರಲ್ಲಿ ಉಪ್ಪು ಹಾಕಿದ ಹಾಲುಚಹಾ
ಬಟ್ಟಲಲ್ಲಿ ಕೆನೆಗಟ್ಟಿತು.

ಅವನು ವಹಿ ನೋಡಲಿಲ್ಲ. ಎದ್ದು
ಎರಡು ಪೆಟ್ಟಿಗೆಗಳ ಬೆನ್ನಿಗೂ ಅಂಗೈ ಹಿಡಿದ.
"ಓಡಿ ಬಂದ ಕುದುರೆ ಮೈಯಿಂದ
ಮರದ ಪಟ್ಟಿಯಲ್ಲಿ ಬೆವರು ಬಳಿದು ನೋಡ್ತೀವಿ ನಾವು.
ಜಿಗುಟಾದರೆ ಇನ್ನೂ ಹದಕ್ಕೆ ಬಂದಿಲ್ಲ,
ನೀರಿನ ಹಾಗಿದ್ದರೆ ಸಿದ್ಧ.
ನಿನ್ನ ನೀಲಿ ಒಳ್ಳೇದೇ, ಆದರೆ ತುಂಬ ತಿಂದು ತುಂಬ ಬೆವರುತ್ತೆ."
ಮೀಟರು ಹೇಳಿದ್ದೂ ಅದನ್ನೇ: ಎಪ್ಪತ್ತು ವ್ಯಾಟು ಇದಕ್ಕೆ,
ನೂರ ತೊಂಬತ್ತು ಅದಕ್ಕೆ.
ಒದ್ಗೆರೆಲ್ ಬೆರಳು ಮಡಿಸಿ ಇಪ್ಪತ್ತಾರರಿಂದ ಗುಣಿಸಿದಳು,
ಕರೆಂಟು ಬಿಲ್ಲಿನ ತಿಂಗಳುಗಳಿಂದ ಗುಣಿಸಿದಳು,
ಬೆರಳು ಸಾಲಲಿಲ್ಲ.

ಇಪ್ಪತ್ತೈದು ಕೆಂಪು ಬಂದವು. ನೀಲಿ ಒಂದೇ ಉಳಿಯಿತು,
ವಾಪಸು ತೆಗೆದುಕೊಳ್ಳಲು ಅಂಗಡಿಯವನು ಒಪ್ಪಲಿಲ್ಲ
(ಪಿನ್ನು ನೋಡಿದನೋ ಏನೋ).
ಒಂಬತ್ತನೇ ಕುರ್ಚಿಗೆ ಜೋಡಿಸಿದೆ.

ಈಗ ಸಂಜೆ ಮಕ್ಕಳೆಲ್ಲ ಮೊದಲು ಆ ಕಡೆಗೇ ಹೋಗುತ್ತಾರೆ,
ಆಡಲಿಕ್ಕಲ್ಲ.
ಬಿಸಿಗಾಳಿ ಹೊರಬರುವ ಜಾಲರಿಯ ಮೇಲೆ
ನಿನ್ನೆಯಿಂದ ಯಾರದೋ ಒದ್ದೆ ಕೈಗವಸು,
ಎಡಗೈಯದು, ಒಂದೇ.