ಹತ್ತೊಂಬತ್ತು ಎಳಿ

ಗೇರಿನ ಕೇಬಲ್ ಅಂದ್ರ ಹತ್ತೊಂಬತ್ತು ಎಳಿ. ಬಿಚ್ಚಿ ಎಣಿಸೀನಿ.
ಒಮ್ಮೆಲೇ ಹರಿಯೂದಿಲ್ಲ ಅದು.
ಮೊದಲು ಒಂದು ಎಳಿ,
ಲಿವರಿನ ಒಳಗ, ಕಣ್ಣಿಗೆ ಕಾಣದಲ್ಲಿ.
ಗೇರು ಒಂಚೂರು ತಡ ಮಾಡ್ತದ,
ಕರೆದ ಕೂಡಲೇ ಏಳದ ಹುಡುಗನ ಹಂಗ.
ಬೆರಳಿಗೆ ತಿಳೀತದ: ಇನ್ನೊಂದು ವಾರ, ಬದಲಿಸು.

ರಾಸ್ತಾ ಪೇಟೆಯ ಈ ಆರಡಿ ಅಂಗಡ್ಯಾಗ
ಮೂವತ್ತೊಂದು ವರ್ಷ ನಾ ಉಂಡ ಅನ್ನ
ಆ ಒಂದು ಎಳಿ ಹಾಕಿದ್ದು.

ಕೇತಕಿ ಪಾನ್ಸೆ ತಂದ ಸೈಕಲ್ಲಿಗೆ ಗೇರಿನ ಕೇಬಲ್ಲೇ ಇಲ್ಲ.
ಸೀಟಿನ ಕೊಳವಿಯೊಳಗ ಬ್ಯಾಟರಿ,
ಹಿಡಿಕಿ ಹತ್ರ ಇಲಿ ಕಿವಿಯಷ್ಟು ಗುಂಡಿ.
ಒತ್ತಿದರ ಜುಂಯ್,
ಕಡೀಲಿಕ್ಕೆ ಬಂದ ಸೊಳ್ಳಿ ಮನಸ್ಸು ಬದಲಿಸಿದಂಗ,
ಚೈನು ಆಗಲೇ ಪಕ್ಕದ ಹಲ್ಲಿನ ಮ್ಯಾಲ.
"ಹ್ಯಾಂಗದ, ಮಲ್ಕಪ್ಪ ಮಾಮಾ?"
ಹಿಂದಿನ ಗೇರು ಬಿದ್ದು ಮುರಿದರ
ನನ್ನ ಎರಡು ತಿಂಗಳ ಗಳಿಕಿ, ಅಂದೆ.
ಅವಳಪ್ಪ ಕೆಮ್ಮಿದ. ಇನ್ನೂ ಹದಿನಾರು ಕಂತು ಅವ ಅಂತ.

ಒಳ್ಳೇದಿಲ್ಲ ಅಂತ ನಾ ಅನ್ನೂದಿಲ್ಲ.
ಜುಲೈದಾಗ ಡೋಣಜೆ ದಾಟಿದರ ಮಳಿ ಅಡ್ಡಡ್ಡ ಹೊಡೀತದ,
ಕೇಬಲ್ಲಿನ ಕವಚದಾಗ ರಾಡಿ ಹೊಕ್ಕು
ಗೇರು ಅನ್ನೂದು ಹಗ್ಗಜಗ್ಗಾಟ ಆಗ್ತದ.
ಇದಕ್ಕ ರಾಡಿಯ ಹಂಗಿಲ್ಲ. ಸಾವಿರ ಸಲ ಒತ್ತು,
ಸಾವಿರ ಸಲ ಅದೇ ಜಾಗ.
ಆದರ ನನ್ನ ಪಾನಾ, ಪಕ್ಕಡ, ನನ್ನ ಕಿವಿ,
ಯಾವುದೂ ಬೇಕಾಗಿಲ್ಲ ಅದಕ್ಕ. ಫೋನು ಬೇಕು.
ಫೋನು ಹೇಳಿತು: ಹೊಸ ಸಾಫ್ಟ್‌ವೇರ್ ಇಳೀಲಿಕ್ಕತ್ತದ, ಕಾಯಿರಿ.
ಸ್ಟೂಲಿನ ಮ್ಯಾಲ ಕುಂತು ಕಾದೆ,
ದವಾಖಾನಿ ಹೊರಗಿನ ಬೀಗರ ಹಂಗ.

ಓಡಿಸಿ ನೋಡ್ತೀನಿ ಅಂತ ನಸಿಕಿನ್ಯಾಗ ಒಯ್ದೆ,
ಖಡಕವಾಸ್ಲಾ ಡ್ಯಾಮಿನ ತನಕ.
ನನ್ನ ಬಲಗೈ ತೋರಬೆರಳು
ಚೈನಿಗೆ ಸಿಕ್ಕು ಎಂಟು ವರ್ಷ. ಮಡಚೂದಿಲ್ಲ.
ಲಿವರ್ ದೂಡಲಿಕ್ಕೆ ಆಗದ ರೇಸು ಬಿಟ್ಟಾಂವ ನಾನು.
ಆ ಕಟ್ಟಿಗಿ ಬೆರಳು ಗುಂಡಿಗೆ ತಾಗಿತು, ಬರೇ ತಾಗಿತು.
ಜುಂಯ್.
ಇನ್ನೊಮ್ಮೆ.
ಇನ್ನೊಮ್ಮೆ.
ತೆನಿ ಸುಡೂ ಗಾಡಿಗೋಳು ಇನ್ನೂ ತಾಡಪತ್ರಿ ಹೊದ್ದು ಮಲಗಿದ್ದವು.
ಏರು ಇಲ್ಲ, ಇಳುವು ಇಲ್ಲ, ಸಪಾಟ ರಸ್ತಾ,
ಹನ್ನೆರಡೂ ಗೇರು ಹಾಕಿ ಹಾಕಿ ತೆಗೆದೆ.
ಮನ್ಯಾಗೂ ಹೇಳಲಿಲ್ಲ.

ಹೊಳ್ಳಿ ಬರೂದರಾಗ ಕೆಂಪು ದೀಪ.
ಸಂಜಿಗೆ ಚಾರ್ಜಿಗೆ ಹಚ್ಚಿದೆ.
ಅಂಗಡ್ಯಾಗ ಇರೂದು ಒಂದೇ ಪ್ಲಗ್ಗು.
ಹಾಲಿನಾಂವ ಬಂದ, ಟೈರಿಗೆ ಗಾಳಿ ಬೇಕಂದ,
ಚಾರ್ಜರ್ ಕಿತ್ತು ಕಂಪ್ರೆಸರ್ ಹಚ್ಚಿದೆ.
ತಿರುಗಿ ಹಚ್ಚಿದ ನೆನಪು
ನನಗಿಲ್ಲ.

ಐತವಾರ, ಸಿಂಹಗಡದ ರೇಸು.
ಮೂರನೇ ತಿರುವಿನ್ಯಾಗ ಮುಂದಿನ ಗೇರು ನಿಂತಿತಂತ,
ಹಿಂದಿನದು ಮತ್ತೊಂದಿಷ್ಟು ಹೊತ್ತು ಒಂದೇ ದುಡೀತಂತ
(ಇಂಥ ಮನಿತನ ನಾವೂ ನೋಡೀವಿ),
ಆಮ್ಯಾಲ ಅದೂ ನಿಂತಿತು, ಭಾರದ ಹಲ್ಲಿಗೆ ಸಿಕ್ಕು.
ಎದ್ದು ನಿಂತು ತುಳಿದಾಳ ಹುಡುಗಿ, ಗಡದ ತನಕ.
ಹನ್ನೊಂದನೇ ನಂಬರು.

ಎಲ್ಲಾರ ಮುಂದ ನಾನಂದೆ:
ಬ್ಯಾಟರಿ ನಂಬಬಾರದವಾ,
ಕೇಬಲ್ ಆಗಿದ್ರ ಮೊದಲೇ ಹೇಳ್ತಿತ್ತು.
ಎಲ್ಲಾರೂ ಗೋಣು ಹಾಕಿದರು.
ಅವಳೂ ಹಾಕಿದಳು, ಉಪ್ಪುಗಟ್ಟಿದ ಮಾರಿ ಒರಸ್ಕೊಂತ.

ಇವತ್ತು ಅಪ್ಪ ಮಗಳು ಬಂದು ನಿಂತಾರ.
ಹಳೇದೇ ಹಚ್ಚಿಕೊಡು ಮಾಮಾ, ಇದನ್ನ ಮಾರಿಬಿಡೂಣು.
ಹೊಸ ಕೇಬಲ್ಲಿನ ಸುರುಳಿ ಬಿಚ್ಚೀನಿ, ಅಳತಿ ಹಿಡಿದೀನಿ.
ಕಟ್ಟರ್ ಇಲ್ಲೇ ಎಲ್ಲೋ ಇತ್ತು, ತಡೀರಿ, ಅಂತ
ಮ್ಯಾಲೊಮ್ಮೆ ಕೆಳಗೊಮ್ಮೆ ಹುಡುಕಲಿಕ್ಕತ್ತೀನಿ,
ಕಟ್ಟರ್ ಕೈಯಾಗ ಹಿಡಕೊಂಡೇ.