ನೀಲಿ ಚುಕ್ಕಿ

ಮೊದಲ ಸಲ ಕೂಗಿದ್ದು ಹೆಗ್ಗಣಕ್ಕೆ.
ಎರಡನೇ ಸಲ, ಅದಿರು ಹೊತ್ತ ಲಾರಿ
ಗುಂಡಿಗೆ ಬಿದ್ದೇಳುವಾಗ ನಡುಗಿದ ಶೆಟರ್‌ಗೆ.
ಮೂರನೆಯದರ ಕಾರಣ ನಾನೇ ಕಂಡುಹಿಡಿದೆ:
ಆರಿಸಲು ಮರೆತ ಫ್ಯಾನಿನ ಗಾಳಿಗೆ
ಹಗ್ಗದ ಮೇಲಿನ ನಲವತ್ತು ಜೀನ್ಸ್ ಪ್ಯಾಂಟು
ಕಾಲಾಡಿಸುತ್ತಿದ್ದವು, ಸೊಂಟದ ಮೇಲೆ ಯಾರೂ ಇಲ್ಲದೆ.
ಸೈರನ್ನು ಪಾಪ, ಎಂಬತ್ತು ಕಾಲು ಎಣಿಸಿ ಬೆದರಿತ್ತು.

ಕೌಲ್ ಬಜಾರಿನ ನಾಯಿಗಳು ಅದರ ರಾಗ ಕಲಿತವು.
ಎದುರಿನ ಶೇಕ್ಷಾವಲಿ ಸಲಾಮು ನಿಲ್ಲಿಸಿದ.
ಬೀಟಿನ ದೊಡ್ಡಬಸಪ್ಪ ಬೈಕು ಇಳಿಯದೆಯೇ ಹೇಳಿದ:
‘ನಿಜವಾದ ಕಳ್ಳ ಬಂದಾಗ ಫೋನ್ ಮಾಡ್ರಿ ಸಾವುಕಾರ.
ಇದನ್ನ ನಂಬಿ ನಾ ಬರಲ್ಲ.’

ಕೊನೆಗೆ ಜಿಲಾನ್ ಬಂದ, ಬಾಯಲ್ಲಿ ಎರಡು ಸ್ಕ್ರೂ ಕಚ್ಚಿಕೊಂಡು.
‘ಇದಕ್ಕೆ ಕಣ್ಣೈತಿ, ಕಿವಿ ಐತಿ, ಗುರುತೇ ಇಲ್ಲ ಅಣ್ಣ’ ಎಂದ.
ನಕ್ಷೆಯಲ್ಲಿ ಅಂಗಡಿಯ ಸುತ್ತ ಬೆರಳಾಡಿಸಿ
ನೂರು ಮೀಟರಿನ ಗೆರೆ ಎಳೆದ.
ಗೆರೆಯೊಳಗೆ ನಮ್ಮ ಫೋನು ಇದ್ದರೆ ನಮ್ಮವರು; ಕೂಗಬೇಡ.
ಫೋನಿಲ್ಲದೆ ಶೆಟರ್ ಅಲುಗಿದರೆ ಕಳ್ಳ.
ಶೆಟರ್ ಏಳದೆ ಒಳಗೇನೋ ಓಡಿದರೆ
ಅದು ಹೆಗ್ಗಣ, ಅದರ ಪಾಡಿಗೆ ಬಿಡು.

ಎರಡು ಫೋನು ಸೇರಿಸಿದೆವು: ನನ್ನದು,
ಬೆಳಿಗ್ಗೆ ಬೀಗ ತೆಗೆದು ಕಸ ಹೊಡೆಯುವ ಹೊನ್ನೂರಬಿಯದು.
ದಿನಕ್ಕೆ ಇನ್ನೂರು ಪ್ಯಾಂಟಿನ ನೂಲಿನ ತುದಿ ಕತ್ತರಿಸುತ್ತಾಳೆ.
ಉಗುರಿನ ನೀಲಿ ಹಬ್ಬದ ದಿನಕ್ಕೂ ಬಿಡುವುದಿಲ್ಲ.
ನಕ್ಷೆಯಲ್ಲಿ ಅವಳೊಂದು ನೀಲಿ ಚುಕ್ಕಿ,
ನಾನೊಂದು.

ಎರಡು ತಿಂಗಳು ನಿದ್ದೆ. ಓಣಿ ನನ್ನನ್ನು ಕ್ಷಮಿಸಿತು.

ಒಂದು ಮಧ್ಯಾಹ್ನ ಕರೆಂಟು ಹೋಗಿ,
ಮಾಡಲು ಏನಿಲ್ಲದೆ ಫೋನಿನ ಪಟ್ಟಿ ತಿರುವಿದೆ:
ರಾತ್ರಿ ಒಂದು ಐವತ್ತು. ಶೆಟರ್ ಎದ್ದಿದೆ. ಪರಿಚಿತರು. ಕೂಗಿಲ್ಲ.
ರಾತ್ರಿ ಒಂದು ನಲವತ್ತು. ಪರಿಚಿತರು. ಕೂಗಿಲ್ಲ.
ಹೀಗೆ ಮೂವತ್ತೊಂದು ರಾತ್ರಿ, ಶುಕ್ರವಾರ ಬಿಟ್ಟು.

ಕೂಗಿದಾಗೆಲ್ಲ ಸುಳ್ಳು ಹೇಳಿದ್ದು
ಸುಮ್ಮನಿದ್ದಾಗ ನಿಜ ಬರೆದಿಟ್ಟಿತ್ತು.

ನನ್ನ ಚುಕ್ಕಿ ಅವಳಿಗೂ ಕಾಣುತ್ತದೆ.
ಅದಕ್ಕೇ ಫೋನನ್ನು ದಿಂಬಿನ ಕೆಳಗೆ ಮಲಗಿಸಿ
ಬರಿಗೈಯಲ್ಲಿ ನಡೆದು ಹೋದೆ.
ಅರ್ಧ ಇಳಿದ ಶೆಟರ್ ಎತ್ತಿದ ಮೇಲೆ ನೆನಪಾಯಿತು,
ಗುರುತಿಲ್ಲದೆ ಬಂದಿದ್ದೇನೆ. ಹಲ್ಲು ಕಚ್ಚಿ ನಿಂತೆ.
ಕೂಗಲಿಲ್ಲ.
ಅವಳ ಸೊಂಟದ ಚೀಲದೊಳಗಿನ ಚುಕ್ಕಿ
ನನಗೂ ಜಾಮೀನು ನಿಂತಿತ್ತು.

ಒಂದೇ ಟ್ಯೂಬ್‌ಲೈಟು. ಫೀರೋಜ್ ಮಾಸ್ಟರನ ಎರಡು ಸೂಜಿಯ ಮಷಿನು,
ನಮ್ಮಲ್ಲಿ ಹೆಂಗಸರು ಕೂರದ ಜಾಗ.
ನೂಲು ಕತ್ತರಿಸಿದರೆ ಒಂದು ರೂಪಾಯಿ, ಅಲ್ಲಿ ಕೂತರೆ ಹನ್ನೊಂದು.
ಪಕ್ಕದಲ್ಲಿ ಚಿಂದಿಯ ಚೀಲ. ಕೈ ಹಾಕಿದೆ.
ತಳದ ತುಂಡುಗಳಲ್ಲಿ ಹೊಲಿಗೆ
ಬೇಸಿಗೆಯ ಹಗರಿಯಂತೆ ಎಲ್ಲೆಲ್ಲೋ ಹರಿದು ಇಂಗಿತ್ತು.
ಮೇಲಿನವುಗಳಲ್ಲಿ ಗುಂತಕಲ್ಲಿಗೆ ಹೋಗುವ ಹಳಿ,
ಜೋಡಿ ಜೋಡಿ, ಎಲ್ಲೂ ತಪ್ಪಿಲ್ಲ.

‘ಕರೆಂಟಿನ ದುಡ್ಡು ಪಗಾರದಾಗ ಹಿಡಕೊಳ್ರಿ’ ಎಂದಳು, ಕಾಲು ತೆಗೆಯದೆ.
‘ಮೊಣಕಾಲಿನ ಹತ್ರ ಬಟ್ಟೆ ಜಗ್ಗಬ್ಯಾಡ’ ಎಂದೆ.
ಇನ್ನೇನು ಹೇಳಲಿ?
‘ಸೋಮವಾರದಿಂದ ಹಗಲೊತ್ತು ಕೂಡು’ ಎಂದೂ ಅಂದೆ.
ಫೀರೋಜನಿಗೆ ಏನು ಹೇಳುವುದೋ ಇನ್ನೂ ತಿಳಿದಿಲ್ಲ.

ಅವಳು ಹೋದಳು. ನಾನು ಆ ಹಳಿಯ ಮೇಲೆ
ಹೆಬ್ಬೆರಳು ಓಡಿಸುತ್ತ ಕೂತೆ.
ಚುಕ್ಕಿ ಬಂಡಿಹಟ್ಟಿಯ ತಿರುವು ದಾಟಿರಬೇಕು.
ದೀಪ ಆರಿಸಿ, ಹೊರಬಂದು ಶೆಟರ್ ಎಳೆದೆ.

ಇಡೀ ಕೌಲ್ ಬಜಾರು ಎದ್ದು ಕೂತಿತು.
ಎರಡು ತಿಂಗಳ ಮೌನಕ್ಕೆ ಬೆಲೆ ಬಂದಿತ್ತು:
ದೊಡ್ಡಬಸಪ್ಪ ಈ ಸಲ ಬೈಕು ಇಳಿದ.
ಮುಖಕ್ಕೆ ಬ್ಯಾಟರಿ ಹಿಡಿದ.
‘ಯಾರಲೇ?’
‘ನಾನು.’
‘ಎಲ್ರೂ ಹಂಗೇ ಅಂತಾರ’ ಎಂದ.
‘ಫೋನ್ ತೋರ್ಸು.’