ಗುಂಡಿ ಒತ್ತುವವಳು

ಹೇಳುವವನು ಅವನು. ನಾನು ಗುಂಡಿ ಒತ್ತುವವಳು.
ಕಿಸುಮು ದಾರಿಯ ವಿಶ್ವವಿದ್ಯಾಲಯ, ಕೊನೆಯ ವರ್ಷ,
ಎರಡನೇ ಮಹಡಿಯ ಮೂಲೆಕೋಣೆ.
ತಲೆಗೆ ಹನ್ನೆರಡು ನಿಮಿಷ.
ಹತ್ತಾದಾಗ ಡಾಕ್ಟರ್ ವಂಬುಲ್ವಾ ಚಮಚದಿಂದ
ಚಹಾದ ಲೋಟಕ್ಕೆ ಒಮ್ಮೆ ಬಡಿಯುತ್ತಾರೆ,
ಹನ್ನೆರಡಕ್ಕೆ ಎರಡು ಸಲ.
ಆಮೇಲೆ ದೇವರೇ ಮಾತಾಡುತ್ತಿದ್ದರೂ ಕೂರಬೇಕು.

ಅವನು ಬೊನ್ಯೊ.
ಹಾಗಂದರೆ ಲುವೊ ಮಾತಿನಲ್ಲಿ ಮಿಡತೆ.
ಮಿಡತೆ ಕವಿದ ವರ್ಷ ಹುಟ್ಟಿದ ಮುತ್ತಜ್ಜನಿಂದ
ಕೈಯಿಂದ ಕೈಗೆ ಬಂದ ಹೆಸರು.
ಸರೋವರ, ಸಾರಜನಕ, ರಂಜಕ, ದೋಣಿ,
ಎಲ್ಲವನ್ನೂ ಅಷ್ಟಿಷ್ಟು ಎಡವಿ ದಾಟುತ್ತಾನೆ;
ತನ್ನ ಹೆಸರಿನ ಹತ್ತಿರ ಬಂದರೆ ಮಾತ್ರ
ತುಟಿಗೆ ತುಟಿ ಅಂಟಿಬಿಡುತ್ತದೆ,
ಒಳಗಿಂದ ಯಾರೋ ಚಿಲಕ ಹಾಕಿಕೊಂಡ ಹಾಗೆ.

ಹೆಸರು ಹೇಳಿಯೇ ಶುರುಮಾಡಿ, ಎನ್ನುತ್ತದೆ
ವಿಭಾಗದವರು ಹಂಚಿದ ಸೂಚನೆಯ ಹಾಳೆ.
ನೆಟ್ಟಗೆ ನಿಲ್ಲಿ. ಕೈ ಜೇಬಿನಲ್ಲಿ ಬೇಡ.
ಒಂದು ಸ್ಲೈಡಿಗೆ ಐದೇ ಸಾಲು.
ತಡವರಿಸಬೇಡಿ.
ಈ ಕೊನೆಯದರ ಕೆಳಗೆ ಅವನು ಪೆನ್ಸಿಲಿನಲ್ಲಿ
ಒಂದು ಮಿಡತೆ ಬರೆದಿದ್ದಾನೆ, ಮೀಸೆ ಸಮೇತ.

ಹಾಸ್ಟೆಲಿನ ಹಿಂದೆ ಬಟ್ಟೆ ಒಗೆಯುವ ಕಟ್ಟೆಯಲ್ಲಿ ಅಭ್ಯಾಸ.
ಹಗ್ಗದ ಮೇಲಿನ ಒದ್ದೆ ಹೊದಿಕೆಗಳೇ ಸಭೆ.
ಅವನು ಮಾತಿನ ಮಧ್ಯೆ ನಿಂತರೆ
ನನ್ನ ಬೆರಳು ತಡೆಯದು. ಟಕ್. ಮುಂದಿನ ಚಿತ್ರ.
‘ಬೇರು’ ಅನ್ನಲು ಬಾಯಿ ಕೂಡಿಸಿಕೊಳ್ಳುತ್ತಿದ್ದ,
ನಾನೇ ‘ಬೇರು’ ಅಂದುಬಿಟ್ಟೆ.
ಅದನ್ನು ಉಪಕಾರ ಅಂದುಕೊಂಡಿದ್ದೆ.
‘ನನ್ನ ತಟ್ಟೆಯಿಂದ ಯಾಕೆ ತಿನ್ನುತ್ತೀ?’ ಎಂದ.
ಅಷ್ಟನ್ನು ಹೇಳಿ ಮುಗಿಸುವವರೆಗೆ
ನಲ್ಲಿ ತೊಟ್ಟಿಕ್ಕುತ್ತಿತ್ತು.
ನಾನು ಎಣಿಸಿದೆ: ಹನ್ನೊಂದು ಹನಿ.

ಗುರುವಾರ. ತಗಡಿನ ಮಾಡು ಕಾದು ಟಿಣ್ ಟಿಣ್ ಅನ್ನುತ್ತಿತ್ತು.
ನಮಗಿಂತ ಮುಂಚಿನವನು ಮುಟೆಗಿ,
ಅರಳು ಹುರಿದ ಹಾಗೆ ಮಾತು,
ನಲವತ್ತು ಸ್ಲೈಡು, ಕೋಟು ಬೇರೆ.
ಏನು ಹೇಳಿದ ಎಂದು ಈಗ ಕೇಳಿದರೆ
ಕೋಟಿನ ಬಣ್ಣ ಹೇಳಬಲ್ಲೆ.

ಬೊನ್ಯೊ ಎದ್ದ. ಹೆಸರು ಹೇಳಲಿಲ್ಲ.
ಚೀಲದಿಂದ ತೆಗೆದು ಮೇಜಿನ ಮೇಲಿಟ್ಟ
ಬೆಳಿಗ್ಗೆ ಡುಂಗಾ ದಡದಲ್ಲಿ ಕಿತ್ತ ಅಂತರಗಂಗೆ:
ನೇರಳೆ ಹೂ, ಊದಿದ ತೊಟ್ಟು,
ಕರೀ ಬೇರಿನಿಂದ ಇನ್ನೂ ನೀರು.
ನೀರು ಹಾಜರಿ ಪುಸ್ತಕದ ಕಡೆ ಹರಿಯಿತು;
ಡಾಕ್ಟರ್ ವಂಬುಲ್ವಾ ಪುಸ್ತಕ ಎತ್ತಿಕೊಂಡರು, ಲೋಟವನ್ನೂ.

‘ಇದು ಎರಡು ವಾರಕ್ಕೆ ಇಮ್ಮಡಿ ಆಗುತ್ತದೆ.
ನನ್ನ ಚಿಕ್ಕಪ್ಪನ ದೋಣಿ ಇದರೊಳಗೆ ಮೂರು ದಿನ ಸಿಕ್ಕಿ—’
ಅಲ್ಲಿ ಅವನೂ ಸಿಕ್ಕಿಕೊಂಡ.

ಯಾರೂ ನಗಲಿಲ್ಲ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು
ಆ ಪದವನ್ನು ತನ್ನ ತುಟಿಯಲ್ಲೇ ಮಾಡಿ ನೋಡುತ್ತಿದ್ದಳು.
ಪರದೆಯ ಮೇಲೆ ಹಸಿರು, ಬರೀ ಹಸಿರು,
ಎಲ್ಲೋ ಒಂದು ಕಡೆ ದೋಣಿಯ ಮೂತಿ.
ಬೆರಳು ಗುಂಡಿಯ ಮೇಲಿತ್ತು,
ಬಿಸಿ ಹಂಚಿನ ಮೇಲಿಟ್ಟಂತೆ. ಒತ್ತಲಿಲ್ಲ.
ಆ ಹೊತ್ತಿನಲ್ಲೇ ಎಲ್ಲರೂ ದೋಣಿಯನ್ನು ಕಂಡರು ಎಂದು ತೋರುತ್ತದೆ.
‘—ಕೊಂಡಿತ್ತು’ ಎಂದ.
ಆಗ ಒತ್ತಿದೆ.

ಹತ್ತಕ್ಕೆ ಚಮಚ ಬಡಿಯಿತು. ಹನ್ನೆರಡಕ್ಕೆ ಎರಡು ಸಲ.
ಅವನಿಗೆಂದು ಒಂದು ನಿಮಿಷವೂ ಹೆಚ್ಚಿಲ್ಲ;
ನಾಲ್ಕು ಸ್ಲೈಡು ತೋರಿಸದೆ ಉಳಿದವು,
ಒಂದರಲ್ಲಿ ನಾನು ರಾತ್ರಿಯೆಲ್ಲ ಕೂತು ಬರೆದ ನಕ್ಷೆ.
ಹೊಟ್ಟೆ ಉರಿಯಿತು, ಸುಳ್ಳೇಕೆ.

‘ಮೂರು ದಿನ ನಿಮ್ಮ ಚಿಕ್ಕಪ್ಪ ಏನು ತಿಂದರು?’ ಕೇಳಿದ ಮುಟೆಗಿ.
‘ಹಸಿ ಮೀನು. ಆಮೇಲೆ ಬೈಗುಳ.’
ಒಂದೂ ಎಡವದೆ ಬಂತು, ಅವನಿಗೇ ಆಶ್ಚರ್ಯ.

ಕೊನೆಗೆ ಡಾಕ್ಟರ್ ವಂಬುಲ್ವಾ ಅಂಕದ ಹಾಳೆ ಬಿಡಿಸಿ
ಪೆನ್ನಿನ ಟೊಪ್ಪಿ ತೆಗೆದರು.
‘ಶುರುವಿನಲ್ಲಿ ಹೇಳಲಿಲ್ಲ ನೀವು. ಹೆಸರು?’

ಅವನು ತುಟಿ ಕೂಡಿಸಿದ.
ಪೆನ್ನು ಕಾದಿತ್ತು. ಕೈ ಮಡಿಲಲ್ಲಿಟ್ಟುಕೊಂಡೆ.
ಮೇಜಿನ ಅಂಚಿಗೆ ಬಂದ ನೀರು
ನೆಲಕ್ಕೆ ತೊಟ್ಟಿಕ್ಕತೊಡಗಿತು.
ನಾನು ಎಣಿಸಲಿಲ್ಲ.